ಬೇಲಿಯ ಬ್ಯಾಟರಿ ಮತ್ತು ನನ್ನ ಬೈಕು

ವಿದ್ಯುತ್ತಿನ ವಿಷಯದಲ್ಲಿ ನನಗೆ ಭಯವಿಲ್ಲ. ಅದು ಒಂದು ಕಡೆಯಿಂದ ಬರುತ್ತದೆ, ಇನ್ನೊಂದು ಕಡೆಗೆ ಹೋಗುತ್ತದೆ. ನಡುವೆ ಬೈಕ್ ಇರುತ್ತದೆ. ಇಷ್ಟು ತಿಳಿದವನಿಗೆ ಮೆಕ್ಯಾನಿಕ್ ಯಾಕೆ?

ಜೀಪ್ ಕೊಂಡ ಮೇಲೆ ನನ್ನ ಬೈಕು ಸೌದೆ ಕೊಟ್ಟಿಗೆ ಸೇರಿತ್ತು. ಎಷ್ಟು ವರ್ಷವಾಯಿತು ಎಂದರೆ ನಾನು ನಾಲ್ಕೈದು ಅನ್ನುತ್ತೇನೆ, ಹೆಂಡತಿ ಸುಮತಿ ಹತ್ತು ಅನ್ನುತ್ತಾಳೆ. ಅದರೊಳಗಿನ ಇಲಿಗಳನ್ನು ಕೇಳಿದರೆ ಎಷ್ಟು ತಲೆಮಾರು ಎಂದು ಹೇಳಿಯಾವು. ಈಗ ಸುಮತಿಗೆ ಹಲಸಿನ ಹಪ್ಪಳದ ಮೆಷಿನ್ ಇಡಲು ಆ ಜಾಗ ಬೇಕಾಯಿತು.

"ಭಾನುವಾರದೊಳಗೆ ಸ್ಟಾರ್ಟ್ ಆದ್ರೆ ಅದು ಅಲ್ಲೇ ಇರ್ಲಿ. ಇಲ್ಲದಿದ್ರೆ ಗುಜರಿಯವನಿಗೆ ಫೋನ್ ಮಾಡುದು," ಅಂದಳು.

ಮದುವೆಯಾದ ಹೊಸತರಲ್ಲಿ ಅದೇ ಬೈಕಿನಲ್ಲಿ ಪುತ್ತೂರಿಗೆ ಸಿನೆಮಾ ನೋಡಲು ಹೋದದ್ದನ್ನು ನೆನಪಿಸಿದೆ. ಹೋದದ್ದು ಬಸ್ಸಿನಲ್ಲಿ ಅಂದಳು. ಬೈಕು ಸುಳ್ಯದಲ್ಲೇ ನಿಂತುಹೋಗಿತ್ತಂತೆ. ನೆನಪನ್ನು ನಂಬಬಾರದು, ಅದರಲ್ಲೂ ಹೆಂಡತಿಯದ್ದನ್ನು.

ಸೀಟು ಬಿಚ್ಚಿದೆ. ವಯರುಗಳನ್ನು ಇಲಿ ತಿಂದಿತ್ತು. ಉಳಿದ ತುಂಡುಗಳೆಲ್ಲ ಧೂಳು ಹಿಡಿದು ಒಂದೇ ಬಣ್ಣವಾಗಿದ್ದವು. ಕೆಂಪು, ಹಸಿರು ಎಂಬ ಭೇದ ನಾನು ಎಣಿಸಲಿಲ್ಲ. ಹತ್ತಿರವಿದ್ದದ್ದನ್ನು ಹತ್ತಿರವಿದ್ದದ್ದಕ್ಕೆ ಸೇರಿಸಿ ಟೇಪ್ ಸುತ್ತಿದೆ. ಬ್ಯಾಟರಿ ಊದಿಕೊಂಡು ತೀರಿಹೋಗಿತ್ತು. ಆದರೆ ತೋಟದ ಮೇಲ್ತುದಿಯಲ್ಲಿ ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿ ಇದೆ. ಬೇಲಿಗೊಂದು ಬ್ಯಾಟರಿ ಇದೆ. ಹಗಲಿನಲ್ಲಿ ಆನೆ ಬರುವುದಿಲ್ಲ. ಹೋಗಿ ಬಿಚ್ಚಿ ತಂದೆ.

ಜೋಡಿಸಿದೆ. ಕೀ ತಿರುಗಿಸುವ ಮೊದಲೇ ಹಾರ್ನ್ ಶುರುವಾಯಿತು. ನಿಲ್ಲಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಗುತ್ತಿಗಾರಿನ ನಮ್ಮ ಕಡೆ ಆನೆ ಕಂಡವರು ಗಾಡಿಯ ಹಾರ್ನನ್ನು ಬಿಡದೆ ಒತ್ತಬೇಕು. ಕೇಳಿದವರು ಗರ್ನಾಲು ಪಟಾಕಿ, ತಗಡಿನ ಡಬ್ಬ ಹಿಡಿದು ಓಡಿ ಬರಬೇಕು. ಊರಿನ ಸಭೆಯಲ್ಲಿ ಈ ನಿಯಮವನ್ನು ಸೂಚಿಸಿದವನು ನಾನು.

ಬ್ಯಾಟರಿಯ ವಯರ್ ಕಳಚಬಹುದೆಂದು ಆಗ ಹೊಳೆಯಲಿಲ್ಲ. ಗೋಣಿಚೀಲ ತಂದು ಹಾರ್ನಿಗೆ ಹೊದಿಸಿದೆ. ಗೋಣಿಯೊಳಗಿಂದ ಅದು ಇನ್ನಷ್ಟು ಆನೆಯಂತೆ ಕೇಳಿಸಿತು. ಕೊನೆಗೆ ಸುಮತಿ ಅಡುಗೆಮನೆಯಿಂದ ಬಂದು, ವಯರನ್ನು ಎಳೆದು ಹಾಕಿ, ಒಳಗೆ ಹೋದಳು. ಅಷ್ಟರಲ್ಲಿ ಅಂಗಳ ತುಂಬಿತ್ತು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಪದ್ಮಣ್ಣ. ಒಂದು ಕೈಯಲ್ಲಿ ಗರ್ನಾಲು, ಇನ್ನೊಂದರಲ್ಲಿ ಬೆಂಕಿಪೆಟ್ಟಿಗೆ.

"ಎಲ್ಲಿ ಮಾರಾಯ್ರೆ ಆನೆ?"

ನಿಜ ಹೇಳಲು ಒಂದು ಕ್ಷಣ ಸಾಕಿತ್ತು. ಆ ಕ್ಷಣದಲ್ಲಿ ನನ್ನ ಕೈ ತಾನಾಗಿ ಎದ್ದು ತೋಟದ ಕಡೆ ತೋರಿಸಿತು.

ನನ್ನ ಬಾಳೆಯ ನಡುವೆ ಗರ್ನಾಲು ಸಿಡಿಯಿತು. ಕೆಲವು ಗಿಡ ಬಿದ್ದವು. ಬಿದ್ದ ಗಿಡಗಳನ್ನು ನೋಡಿ ಆನೆ ಬಂದದ್ದು ಹೌದೆಂದು ಸಾಬೀತಾಯಿತು. ಪದ್ಮಣ್ಣ ಅದರ ಬಾಲ ಕಂಡಿದ್ದರು. ಚಹಾ ಕುಡಿಯುವಾಗ ಅದರ ಒಂದು ಕೊಂಬು ಮುರಿದಿದ್ದದ್ದೂ ಅವರಿಗೆ ನೆನಪಾಯಿತು. ಅವರು ಅಷ್ಟು ವಿವರವಾಗಿ ಹೇಳಿದ ಮೇಲೆ ನನಗೂ ಸ್ವಲ್ಪ ಕಂಡ ಹಾಗಾಯಿತು.

ಇಂಥ ಹಾರ್ನನ್ನು ಗುಜರಿಗೆ ಹಾಕುವುದು ಊರಿಗೆ ಮಾಡುವ ದ್ರೋಹ ಎಂದು ಪದ್ಮಣ್ಣ ಸುಮತಿಗೆ ತಿಳಿಹೇಳಿದರು. ಬೈಕು ಬ್ಯಾಟರಿ ಸಮೇತ ಅಲ್ಲೇ ಇರಬೇಕೆಂದು ತೀರ್ಮಾನವಾಯಿತು. ನಾನು ಅದಕ್ಕೊಂದು ಸ್ವಿಚ್ ಹಾಕಿಕೊಟ್ಟೆ. ಸ್ಟಾರ್ಟ್ ಆಗದೆಯೇ ಬೈಕು ಉಳಿಯಿತು. ಹಪ್ಪಳದ ಮೆಷಿನ್ ನನ್ನ ಮಂಚದ ಪಕ್ಕಕ್ಕೆ ಬಂತು.

ಬೇಲಿಗೆ ಬ್ಯಾಟರಿ ಇಲ್ಲವೆಂಬುದು ನನಗೆ ಮರೆತೇ ಹೋಯಿತು. ಆನೆ ಗಮನಿಸಿತ್ತು.

ಒಂದು ಮುಂಜಾನೆ, ಇನ್ನೂ ಮಬ್ಬುಗತ್ತಲಿರುವಾಗ, ಹಲ್ಲುಜ್ಜುತ್ತ ಹೊರಬಂದರೆ ಕೊಟ್ಟಿಗೆಯ ಎದುರೇ ನಿಂತು ಬಾಳೆ ತಿನ್ನುತ್ತಿದೆ. ಎರಡು ಕೊಂಬೂ ನೆಟ್ಟಗಿದ್ದವು. ಓಡಿಹೋಗಿ ಸ್ವಿಚ್ ಒತ್ತಿದೆ. ಹಾರ್ನ್ ಬರಲಿಲ್ಲ. ಹೆಡ್‌ಲೈಟ್ ಹತ್ತಿತು. ಆನೆ ನನಗೆ ಬಹಳ ಸ್ಪಷ್ಟವಾಗಿ ಕಂಡಿತು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಅದೂ ತಿರುಗಿ ನೋಡಿತು. ನಾನು ಬೈಕಿನ ಹಿಂದೆ ಕುಳಿತೆ. ಬಾಳೆ ಮುಗಿದ ಮೇಲೆ ಅದು ಬೇಲಿಯನ್ನು ತುಳಿದುಕೊಂಡು, ಬಂದ ದಾರಿಯಲ್ಲೇ ಹೋಯಿತು.

ಪದ್ಮಣ್ಣ ಬಂದು ಹೆಜ್ಜೆ ಪರೀಕ್ಷಿಸಿದರು. "ಅದೇ ಆನೆ. ಆವತ್ತು ಬಂದದ್ದೇ," ಅಂದರು.

ಸುಮತಿ ಗುಜರಿಯವನಿಗೆ ಫೋನ್ ಮಾಡಿದಳು. ಅವನು ಮಧ್ಯಾಹ್ನದೊಳಗೆ ಪಿಕಪ್ ತಂದು ನಿಲ್ಲಿಸಿ, ಬೈಕಿಗೆ ಒಂದು ಸುತ್ತು ಬಂದ.

"ಇದ್ರಲ್ಲಿ ಎಂತಾದ್ರೂ ವರ್ಕ್ ಆಗ್ತದಾ?"

"ಲೈಟ್ ಉಂಟು," ಅಂದೆ. ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬಹುದು. "ಈ ಸ್ವಿಚ್ ಒತ್ತಿ ನೋಡು."

ಒತ್ತಿದ. ಹಾರ್ನ್ ಬಂತು.

ಈ ಸಲ ವಯರನ್ನು ನಾನೇ ಕಿತ್ತೆ. ಆದರೆ ಪದ್ಮಣ್ಣನ ಮನೆ ಅಷ್ಟು ದೂರವಿಲ್ಲ. ಗರ್ನಾಲು ಹಿಡಿದು, ಏದುಸಿರು ಬಿಡುತ್ತ ಅಂಗಳಕ್ಕೆ ಬಂದರು.

"ಎಲ್ಲಿ? ಆನೆ ಎಲ್ಲಿ?"

ಸುಮತಿ ಹಪ್ಪಳದ ಹಿಟ್ಟು ಮೆತ್ತಿದ ಕೈಯೆತ್ತಿ ನನ್ನನ್ನು ತೋರಿಸಿದಳು.