ಕೆಂಪು ಫ್ಲಾಸ್ಕಿನ ಹೆಂಗಸರ ಚಹಾ

“ಇದು ಹೆಂಗಸರ ಚಹಾ. ಹೆಂಗಸರೇ ಕಿತ್ತು, ಹೆಂಗಸರೇ ಒಣಗಿಸಿ, ಹೆಂಗಸರಿಗಾಗಿಯೇ ಕಟ್ಟಿದ್ದು. ಇದರಲ್ಲಿ ಆವರಿಕೆ ಹೂವಿದೆ, ಬೆಳಗಿನ ಇಬ್ಬನಿ ಆರಿದ ಮೇಲೆ ಬಿಡಿಸಿದ್ದು. ಬಿಲ್ವದ ಹೂವಿದೆ, ತಾನಾಗಿ ಉದುರಿದ್ದು, ಮರ ಅಲ್ಲಾಡಿಸಿದ್ದಲ್ಲ. ಸೊಗದೆ ಬೇರಿದೆ, ಶತಾವರಿ ಬೇರಿದೆ, ಬಿಳಿಹಿಂಡಿ ಸೊಪ್ಪಿದೆ, ಚಿಟಿಕೆ ಒಣಶುಂಠಿ ಇದೆ. ರಾಸಾಯನಿಕ ಗೊಬ್ಬರ ಇಲ್ಲ, ಔಷಧಿ ಹೊಡೆದಿಲ್ಲ, ಬಣ್ಣ ಇಲ್ಲ, ಸುಳ್ಳೂ ಇಲ್ಲ. ತಿಂಗಳ ನೋವಿನಲ್ಲಿ ಸೊಂಟ ಹಿಡಿದು ಕೂತವಳು ಕುಡಿಯಲಿ. ಮುಟ್ಟು ನಿಂತು ಮೈಯೆಲ್ಲ ಬಿಸಿಯಾಗಿ ಸೊಸೆಯ ಮೇಲೆ ಹಾಯುವವಳು ಎರಡು ಲೋಟ ಕುಡಿಯಲಿ. ಗಂಡಸರು ಕುಡಿದರೆ ನಷ್ಟವಿಲ್ಲ, ಲಾಭವೂ ಇಲ್ಲ. ನನಗೆ ಇದನ್ನು ಕಲಿಸಿದವಳು ನನ್ನವ್ವ, ಅವಳಿಗೆ ಅವಳವ್ವ. ಕೂಡಿಸಿದವಳು: ಬಿಸೋ ಮೆಣಿಕೆ.”

ಈ ಚೀಟಿಯನ್ನು ಹೇಳಿ ಬರೆಸಿದವಳು ನಾನೇ. ಬರೆದವಳು ನನ್ನ ನಾದಿನಿ ಟಿಕಿರಿ. ನಮ್ಮೂರ ಹೆಂಗಸರ ಸಂಘಕ್ಕೆ ಅವಳೇ ಕಾರ್ಯದರ್ಶಿ.

“ಅತ್ತಿಗೇ, ಇಷ್ಟುದ್ದ ಬರೆದರೆ ಪೊಟ್ಟಣಕ್ಕಿಂತ ಚೀಟಿ ದೊಡ್ಡದಾಗುತ್ತೆ” ಎಂದಳು.

“ಪೊಟ್ಟಣ ದೊಡ್ಡದು ಮಾಡು. ನನ್ನ ಹೆಸರು ಮಾತ್ರ ಬಿಡಬೇಡ!”

ನಾನು ಶಾಲೆಗೆ ಹೋದದ್ದು ಮೂರನೇ ತರಗತಿಯವರೆಗೆ. ನನ್ನ ಹೆಸರು ಅಚ್ಚಾಗಿರುವುದು ಗುರುತಿನ ಚೀಟಿಯಲ್ಲೊಂದೇ, ಅದರಲ್ಲೂ ತಪ್ಪು. ಈಗ ಕೊಲಂಬೊದ ಒಂದು ಅಂಗಡಿಯವರು ನಮ್ಮ ಮಾತಲೆ ಸೀಮೆಯ ಮೂರು ಊರುಗಳ ಚಹಾ ರುಚಿ ನೋಡಿ ಒಂದನ್ನು ಆರಿಸುತ್ತಾರಂತೆ. ಆರಿಸಿದ ಪೊಟ್ಟಣದ ಮೇಲೆ ಕೂಡಿಸಿದವಳ ಹೆಸರು ಅಚ್ಚು ಹಾಕಿಸುತ್ತಾರಂತೆ! ಆ ದಿನದಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ.

“ನೋಡ್ತಿರಿ” ಎಂದು ನನ್ನ ಗಂಡ ಮುದಿಯಾನ್ಸೆಗೆ ಹೇಳಿದೆ. “ರುಚಿ ನೋಡೋಕೆ ಬರೋ ನೋನಾ ನನ್ನ ಚಹಾ ಒಂದು ಗುಟುಕು ಕುಡಿದರೆ ಮುಂದಿನ ಊರಿಗೆ ಕಾರೇ ಹೊರಡಲ್ಲ!”

“ಕಾರಿಗೂ ಕುಡಿಸ್ತೀಯಾ?” ಎಂದರು. ಮೂವತ್ತು ವರ್ಷ ಅಂಚೆ ಹಂಚಿದ ಮನುಷ್ಯ. ಊರಿನ ಎಲ್ಲರ ಮಾತೂ ಅವರ ಬಾಯಲ್ಲಿ ಸೇರಿಕೊಂಡಿದೆ.

ರುಚಿ ನೋಡಲು ಬರುವವರು ಆ ಅಂಗಡಿಯ ಡಾಫ್ನಿ ನೋನಾ; ದೊಡ್ಡ ಮನೆತನದ ಹೆಂಗಸರನ್ನು ನಾವು ಕರೆಯುವುದು ಹಾಗೆ. ಬರ್ಗರ್ ಜನ, ಹಳೇ ಡಚ್ಚರ ವಂಶದ ಕ್ರೈಸ್ತರು; ಏಪ್ರಿಲ್ ತಿಂಗಳ ನಮ್ಮ ಹೊಸವರ್ಷ ಅವರಿಗೆ ಬರೀ ರಜೆ. ಬೆಟ್ಟದ ಕಡೆ ಗಾಳಿ ಸೇವನೆಗೆ ಹೋಗುವವರು, ದಾರಿಯಲ್ಲಿ ನಮ್ಮ ಮನೆಗೆ ಬರುವುದೆಂದಾಯಿತು. ಯಾವತ್ತು? ಹಳೇ ವರ್ಷದ ಕೊನೇ ದಿನ, ಮಧ್ಯಾಹ್ನ ಒಂದಕ್ಕೆ!

ನಾನು ಪಂಚಾಂಗದ ಕಡೆ ಓಡಿದೆ. ಯಾಕೆಂದರೆ ಆ ದಿನ ಎರಡೂ ನಲವತ್ತಕ್ಕೆ ಪುಣ್ಯಕಾಲ ಶುರು. ಹಳೇ ವರ್ಷ ಹೋಗಿ ಹೊಸದು ಇನ್ನೂ ಬಾರದ ಆ ಹೊತ್ತಿನಲ್ಲಿ ಒಲೆ ಹಚ್ಚುವಂತಿಲ್ಲ, ಬಾಯಿಗೆ ಏನೂ ಹಾಕುವಂತಿಲ್ಲ, ಮನೆಯಿಂದ ಹೊರಗೆ ಒಂದು ಎಲೆ ಕೂಡ ಕೊಡುವಂತಿಲ್ಲ, ಕೊಳ್ಳುವಂತಿಲ್ಲ. ಬುದ್ಧ ವಿಹಾರಕ್ಕೆ ಹೋಗಿ ಕಣ್ಣು ಮುಚ್ಚಿ ಕೂರುವುದೊಂದೇ ಕೆಲಸ. ನೋನಾ ತಡ ಮಾಡಿದರೆ?

ಆದರೆ ನಾನು ಯಾರು! ಮೊದಲೇ ಚಹಾ ಕುದಿಸಿ ಕೆಂಪು ಫ್ಲಾಸ್ಕಿಗೆ ತುಂಬಿಟ್ಟರೆ ಪುಣ್ಯಕಾಲವಾದರೂ ಏನು ಮಾಡೀತು? ಪಂಚಾಂಗವನ್ನೇ ಸೋಲಿಸಿದ ಹೆಂಗಸು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಾವಾದರೆ ಬೈನೆ ಬೆಲ್ಲದ ತುಂಡು ಕಚ್ಚಿಕೊಂಡು ಚಹಾ ಗುಟುಕರಿಸುತ್ತೇವೆ. ಕೊಲಂಬೊ ಹೆಂಗಸು, ತುಟಿಗೆ ಬಣ್ಣ ಬೇರೆ, ಬೆಲ್ಲ ಕಚ್ಚುತ್ತಾಳೆಯೇ? ಅರ್ಧ ಅಚ್ಚು ಬೆಲ್ಲವನ್ನು ಚಹಾದಲ್ಲೇ ಕರಗಿಸಿದೆ. ಮನೆಯ ಪಾತ್ರೆಗಳಲ್ಲೆಲ್ಲ ಹಬ್ಬದ ಕಜ್ಜಾಯ ತುಂಬಿದ್ದರಿಂದ ಸೋಸಿದ ಚಹಾವನ್ನು ಮಣ್ಣಿನ ಗಡಿಗೆಯಲ್ಲಿಟ್ಟೆ. ಹಳೇ ವರ್ಷದ ಸ್ನಾನಕ್ಕೆ ತಲೆಗೆ ಹಚ್ಚುವ, ಕುದಿಸಿದ ಮೂಲಿಕೆ ನೀರನ್ನು ಪ್ರತಿವರ್ಷ ವಿಹಾರದಿಂದ ತರುತ್ತಿದ್ದದ್ದು ಅದೇ ಗಡಿಗೆಯಲ್ಲಿ.

“ರೀ, ಈ ಚಹಾನ ಫ್ಲಾಸ್ಕಿಗೆ ಹಾಕಿ. ಆಮೇಲೆ ಗಡಿಗೆ ತೊಳೆದು, ವಿಹಾರಕ್ಕೆ ಹೋಗಿ ತಲೆನೀರು ತನ್ನಿ. ಹೇಳಿದ ಕ್ರಮದಲ್ಲೇ ಮಾಡಿ!”

“ನಲವತ್ತೇಳು ವರ್ಷದಿಂದ ಕ್ರಮದಲ್ಲೇ ಇದೀನಲ್ಲ ಬಿಸೋ.”

ನಾನು ಒಳಗೆ ಸೀರೆ ಉಡಲು ಹೋದೆ. ನೆರಿಗೆ ಸರಿಯಾಗಲು ಒಂದು ಗಂಟೆ ಹಿಡಿಯಿತು. ಹೊರಗೆ ಬಂದು ನೋಡಿದರೆ ಮೇಜಿನ ಮೇಲೆ ಫ್ಲಾಸ್ಕ್ ತುಂಬಿದೆ, ಬೆಚ್ಚಗಿದೆ. ಕಿಟಕಿಯ ಬಳಿ ಗಡಿಗೆಯೂ ತುಂಬಿದೆ, ಮೂಲಿಕೆ ವಾಸನೆ ಬರುತ್ತಿದೆ. ಆಹಾ! ಒಂದೇ ಸಲ ಹೇಳಿದ್ದಕ್ಕೆ ಈ ಮನುಷ್ಯ ಎರಡು ಕೆಲಸ ಮುಗಿಸಿದ್ದು ಮದುವೆಯಾದ ಮೇಲೆ ಇದೇ ಮೊದಲು! ಕಣ್ಣಲ್ಲಿ ನೀರು ಬಂತು.

ಅವರನ್ನು ಬಾವಿಕಟ್ಟೆಯ ಮೇಲೆ ಕೂರಿಸಿದೆ. ಕಾಲ ಕೆಳಗೊಂದು ಎಲೆ, ತಲೆಯ ಮೇಲೊಂದು ಎಲೆ ಇಟ್ಟು, ನೂರು ವರ್ಷ ಬಾಳಿ ಎಂದು ಹರಸುತ್ತ, ಗಡಿಗೆಯಿಂದ ಬೊಗಸೆ ಬೊಗಸೆ ತೆಗೆದು ಆ ಬೋಳು ತಲೆಗೆ ತಿಕ್ಕಿದೆ.

“ಈ ಸಲದ್ದು ಬಾಯಿಗೆ ಇಳಿದರೆ ಸಿಹಿ ಇದೆ ಕಣೇ.”

“ವರ್ಷ ಸಿಹಿಯಾಗಲಿ ಅಂತ ಭಿಕ್ಷುಗಳು ಏನೋ ಹಾಕಿರ್ತಾರೆ. ಬಾಯಿ ಮುಚ್ಚಿ ಕೂತ್ಕೊಳ್ಳಿ.”

ಅವರಿಗೆ ಕೆಮ್ಮು. ಹಾಗಾಗಿ ತಲೆಗೆ ತಣ್ಣೀರು ಬೇಡವೆಂದು ಕುತ್ತಿಗೆಯಿಂದ ಕೆಳಗೆ ಮಾತ್ರ ಸ್ನಾನ ಮಾಡಿಸಿದೆ. ಗಡಿಗೆಯಲ್ಲಿ ಉಳಿದದ್ದನ್ನು ಬಾಳೆಗಿಡದ ಬುಡಕ್ಕೆ ಚೆಲ್ಲಿದೆ. ನನ್ನ ತುರುಬು ಆಗಲೇ ಕಟ್ಟಿ ಆಗಿತ್ತು, ನೋನಾ ಬರುವವರು ಎಂದು ನೆತ್ತಿಗೆ ಎರಡು ಹನಿ ಮುಟ್ಟಿಸಿಕೊಂಡು ಸುಮ್ಮನಾದೆ. ನನ್ನ ಗಂಡ ಬಿಳಿ ಬಟ್ಟೆ ಉಟ್ಟು ಟಿಕಿರಿಯ ಜೊತೆ ವಿಹಾರಕ್ಕೆ ಹೊರಟರು.

ಒಂದಾಯಿತು, ಎರಡಾಯಿತು. ಎರಡೂ ನಲವತ್ತಕ್ಕೆ ವಿಹಾರದ ಗಂಟೆ ಬಾರಿಸಿತು, ಪುಣ್ಯಕಾಲ ಕೂತಿತು. ಮೂರಕ್ಕೆ ಕಾರು ಬಂತು.

“ಕ್ಷಮಿಸಿ ಅಮ್ಮಾ, ದಾರಿ ತುಂಬ ಬಸ್ಸುಗಳು! ಇವತ್ತು ನೀವು ಒಲೆ ಹಚ್ಚಲ್ಲ ಅಲ್ವಾ? ನನ್ನ ಗ್ರಹಚಾರ. ನಾಳೆಯೇ ಆಯ್ಕೆಯ ಪಟ್ಟಿ ಅಚ್ಚಿಗೆ ಹೋಗಬೇಕು” ಎಂದರು ಡಾಫ್ನಿ ನೋನಾ.

ನಾನು ರಾಣಿಯಂತೆ ನಕ್ಕು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. “ಬಿಸೋ ಮೆಣಿಕೆಗೆ ಒಲೆ ಯಾಕೆ ನೋನಾ!”

ಅವರು ಮೂಸಿದರು. ಒಂದು ಗುಟುಕು ಕುಡಿದರು. ಹುಬ್ಬು ಮೇಲೆ ಹೋಯಿತು, ಅಲ್ಲೇ ನಿಂತಿತು.

“ಇದು... ಬೇರೆ ಥರ ಇದೆ.”

“ಮೊದಲ ಗುಟುಕು ಹಾಗೇ. ಎರಡನೇದು ಹೊಟ್ಟೆಗೆ, ಮೂರನೇದು ಮನಸ್ಸಿಗೆ. ಕುಡೀರಿ!”

“ನಿಂಬೆಹಣ್ಣು ಹಾಕಿದೀರಾ?”

“ಬಿಲ್ವದ ಹೂವಿನ ಗುಣ.”

“ಅರಿಶಿನದ ವಾಸನೆ?”

“ಆವರಿಕೆ ಹೂ ಹಳದಿ ಅಲ್ವಾ!”

“ಸ್ವಲ್ಪ ಲೋಳೆ ಲೋಳೆ ಇದೆ...”

“ಶತಾವರಿ ಬೇರು ನೋನಾ! ಸೊಂಟದೊಳಗೆ ಎಣ್ಣೆ ಬಿಟ್ಟ ಹಾಗೆ ಹೋಗುತ್ತೆ.”

ನಾನೊಂದು ಗುಟುಕು ಕುಡಿದಿದ್ದರೆ ಅಲ್ಲಿಗೇ ಎಲ್ಲ ತಿಳಿಯುತ್ತಿತ್ತು. ಆದರೆ ಪುಣ್ಯಕಾಲದಲ್ಲಿ ನಾನು ಎಂಜಲು ನುಂಗಲೂ ಹಿಂದೆ ಮುಂದೆ ನೋಡುವವಳು. ಪಾಪ, ಮರ್ಯಾದಸ್ಥ ಹೆಂಗಸು, ಲೋಟ ಮುಗಿಸಿದರು. ನಾನು ಬಿಟ್ಟೇನೆ? ಇನ್ನೊಂದು ಲೋಟ ಸುರಿದೆ. ಅವರು ಪುಸ್ತಕ ತೆಗೆದು ಏನೋ ಬರೆದುಕೊಂಡರು. “ಏನು ಬರೆದಿರಿ?” ಎಂದೆ. “ಮರೆಯೋಕಾಗದ ರುಚಿ ಅಂತ” ಎಂದರು. ನನ್ನ ಹೆಸರು ಆಗಲೇ ಅಚ್ಚಾಗಿ, ಕೊಲಂಬೊದ ಗಾಜಿನ ಕಪಾಟಿನಲ್ಲಿ ಕೂತು ಬಿಸಿಲು ಕಾಯಿಸುತ್ತಿತ್ತು!

ಅಷ್ಟರಲ್ಲಿ ಗೇಟಿನಿಂದ ಟಿಕಿರಿ ಕೂಗಿದಳು. “ಅತ್ತಿಗೇ! ಅಣ್ಣನ ತಲೆ ಮೇಲೆ ಪೆರಹೆರ ಹೊರಟಿದೆ! ಆನೆ ಒಂದಿಲ್ಲ, ಉಳಿದ ಮೆರವಣಿಗೆ ಎಲ್ಲಾ ಇದೆ!”

ಅವಳ ಹಿಂದೆ ನನ್ನ ಗಂಡ, ಕೈ ಮುಗಿದುಕೊಂಡೇ, ಮೊಟ್ಟೆ ಹೊತ್ತವರಂತೆ ನಿಧಾನವಾಗಿ ನಡೆದು ಬಂದರು. ಎಡಗಿವಿಯಿಂದ ನೆತ್ತಿಗೆ, ನೆತ್ತಿಯಿಂದ ಬಲಗಿವಿಗೆ ಕೆಂಪಿರುವೆಗಳ ಸಾಲು!

“ಕೊಡವಿ ಬಿಸಾಕ್ರೀ!” ಎಂದು ಕಿರುಚಿದೆ.

“ಹೇಗೆ ಕೊಡವಲಿ? ಈಗ ತಾನೆ ಭಿಕ್ಷುಗಳ ಮುಂದೆ ಪಂಚಶೀಲ ತಗೊಂಡಿದೀನಿ. ಕೊಲ್ಲುವಂತಿಲ್ಲ. ಊದು ಟಿಕಿರಿ, ಮೆಲ್ಲಗೆ ಊದು. ಒಂದೂ ಸಾಯಬಾರದು. ಅಯ್ಯೋ, ಕಚ್ಚಿತು!”

“ದಾರಿಯುದ್ದಕ್ಕೂ ಊದಿದೀನಿ ಅಣ್ಣಾ, ನನಗೆ ಉಸಿರೇ ಉಳಿದಿಲ್ಲ!”

ಇರುವೆ ಯಾಕೆ ಬಂತು? ಸಿಹಿ ಇದ್ದದ್ದಕ್ಕೆ. ಸಿಹಿ ಎಲ್ಲಿಂದ ಬಂತು? ನನ್ನ ಅರ್ಧ ಅಚ್ಚು ಬೆಲ್ಲದಿಂದ. ಹಾಗಾದರೆ ಫ್ಲಾಸ್ಕಿನಲ್ಲಿ...? ಸತ್ಯವೂ ಒಂದೊಂದೇ ಇರುವೆಯಾಗಿ ನನ್ನ ತಲೆಗೆ ಹತ್ತತೊಡಗಿತು. ಗಂಡನನ್ನು ಮೂಲೆಗೆಳೆದು ಪಿಸುಗುಟ್ಟಿದೆ.

“ಫ್ಲಾಸ್ಕಿಗೆ ಏನು ಹಾಕಿದ್ರಿ?”

“ತಲೆನೀರು. ಗಡಿಗೆ ತುಂಬಿತ್ತು, ಫ್ಲಾಸ್ಕ್ ಖಾಲಿ ಇತ್ತು. ವಿಹಾರದಲ್ಲಿ ಸಾಲು ಉದ್ದ ಅಂದರು. ಖಾಲಿ ಇದ್ದದ್ದನ್ನ ತಗೊಂಡು ಓಡಿದೆ. ಬಂದ ಮೇಲೆ ನೀನು ಅದಲು ಬದಲು ಮಾಡಿರ್ತೀಯ ಅಂದ್ಕೊಂಡೆ. ಕ್ರಮ ನಿನ್ನದಲ್ವಾ!”

ನೋನಾ ಎರಡನೇ ಲೋಟ ಕೆಳಗಿಟ್ಟು, ಪೆನ್ನು ಹಿಡಿದು ಕೇಳಿದರು. “ಯಜಮಾನರೇ, ನೀವಾದರೂ ಹೇಳಿ. ಈ ಲೋಟದಲ್ಲಿ ಇರೋದು ನಿಜವಾಗಿ ಏನು?”

ನಾನು ಕಣ್ಣು ಹೊಡೆದೆ. ಕೆಮ್ಮಿದೆ. ಅವರ ಕಾಲು ತುಳಿದೆ. ಬೇರೆ ದಿನವಾಗಿದ್ದರೆ ನನಗಾಗಿ ಬೆಟ್ಟದಷ್ಟು ಸುಳ್ಳು ಹೇಳುವ ಮನುಷ್ಯ. ಸೀದ ಅನ್ನವನ್ನು ಹೊಗೆಯ ಘಮ ಅಂತ ಹೊಗಳಿ ಉಂಡವರು! ಇವತ್ತು ನನ್ನ ಮುಖ ನೋಡಿದರು, ಕೈಗೆ ಕಟ್ಟಿದ ವಿಹಾರದ ದಾರ ನೋಡಿದರು.

“ಬಿಸೋ, ಸುಳ್ಳೂ ಹೇಳುವಂತಿಲ್ಲ ಕಣೇ” ಎಂದರು. ಆಮೇಲೆ ನೋನಾ ಕಡೆ ತಿರುಗಿ, “ಅದು ತಲೆಗೆ ಹಚ್ಚೋದು ನೋನಾ.”

“ಹಾಗಾದರೆ ಚಹಾ ಎಲ್ಲಿ?”

ಅವರು ಮೆಲ್ಲಗೆ ತಲೆ ಬಗ್ಗಿಸಿ ತೋರಿಸಿದರು. “ಇಲ್ಲಿ.”

ನೋನಾ ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ನನ್ನ ಹೆಸರು ಕಪಾಟಿನಿಂದಿಳಿದು ಬಾಗಿಲು ದಾಟಿ ಹೋಗುವುದು ಕಣ್ಣಿಗೆ ಕಂಡಿತು.

“ತಪ್ಪು ನನ್ನದು ನೋನಾ” ಎಂದೆ. “ಸಂಘದಲ್ಲಿ ಇನ್ನೂ ಎಂಟು ಜನ ಇದಾರೆ, ಅವರು ಬಿಸಿಲಲ್ಲಿ ಕೂತು ಹೂ ಬಿಡಿಸಿದವರು. ನನ್ನ ಹೆಸರು ಬೇಡ. ಚಹಾ ಮಾತ್ರ ಒಂದು ಸಲ ಕುಡಿದು ನೋಡಿ.”

“ಸರಿ, ಮಾಡಿ ಕೊಡಿ.”

“ಒಲೆ ಹಚ್ಚುವಂತಿಲ್ಲ.”

“ಒಣ ಪೊಟ್ಟಣ ಕೊಡಿ, ನಾನೇ ಕುದಿಸ್ಕೋತೀನಿ.”

“ಏನೂ ಕೊಡುವಂತಿಲ್ಲ.”

“ಮತ್ತೆ ನಿಮ್ಮಿಂದ ಇವತ್ತು ಏನಾಗುತ್ತೆ?”

“ಕೂರೋಕೆ ಚಾಪೆ ಇದೆ” ಎಂದೆ.

ಆಗ ನಕ್ಕರು ನೋಡಿ! ಟಿಕಿರಿ ನಕ್ಕಳು, ನನ್ನ ಗಂಡ ನಕ್ಕು ನಾಲ್ಕು ಇರುವೆ ಉದುರಿಸಿದರು. ನೋನಾ ಕಣ್ಣೊರೆಸಿಕೊಂಡು, “ಪಟ್ಟಿ ಮೂರು ದಿನ ಕಾಯಲಿ ಬಿಡಿ” ಎಂದು ಕಾರು ಹತ್ತಿದರು. ಎರಡು ಲೋಟ ತಲೆನೀರು ಅವರಿಗೆ ಏನೂ ಮಾಡಲಿಲ್ಲ. ನನಗೆ ಮಾತ್ರ ಮೂರು ದಿನ ಅನ್ನ ಸೇರಲಿಲ್ಲ.

ಹಬ್ಬ ಮುಗಿಸಿ ಹಿಂತಿರುಗುವಾಗ ಬಂದರು. ಈ ಸಲ ಅವರ ಕಣ್ಣೆದುರೇ ಒಲೆ ಹಚ್ಚಿದೆ, ಬೆಲ್ಲ ಪಕ್ಕದಲ್ಲಿಟ್ಟೆ. ಅವರು ನಮ್ಮ ಹಾಗೆಯೇ ಬೆಲ್ಲ ಕಚ್ಚಿ ಕುಡಿದರು. ಇನ್ನೊಂದು ಲೋಟ ಅವರೇ ಕೇಳಿದರು. “ಹೆಸರು...?” ಎಂದು ಬಾಯಿ ತೆರೆದೆ. “ನೋಡೋಣ” ಎಂದು ಹೋದರು.

ಎರಡು ತಿಂಗಳಿಗೆ ಅಂಚೆಯಲ್ಲಿ ಒಂದು ಡಬ್ಬಿ ಬಂತು. ಒಳಗೆ ಹಸಿರು ಪೊಟ್ಟಣ. ಅದರ ಮೇಲೆ ನಾನು ಹೇಳಿ ಬರೆಸಿದ ಚೀಟಿ, ಉದ್ದಕ್ಕೆ ಹಾಗೇ ಇದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಬಿ... ಸೋ... ಮೆ... ಣಿ... ಕೆ. ತಪ್ಪಿಲ್ಲ! ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು. ಅದು ನಾನು ಬರೆಸಿದ್ದಲ್ಲ.

“ಇದೇನು ಓದ್ರೀ” ಎಂದು ಗಂಡನ ಕೈಗಿತ್ತೆ.

ಅವರು ಕನ್ನಡಕ ಏರಿಸಿದರು. ಬೋಳು ತಲೆಯನ್ನು ಒಮ್ಮೆ ಸವರಿಕೊಂಡರು. ಅಂಗಳಕ್ಕಿಳಿದು, ಬೇಲಿಯಾಚೆ ಟಿಕಿರಿಗೂ ದಾರಿಹೋಕರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು.

“ಎಚ್ಚರಿಕೆ: ಕುಡಿಯಲು ಮಾತ್ರ. ಗಂಡನ ತಲೆಗೆ ಹಚ್ಚಬಾರದು!”

ನಾನು ಕೆಂಪು ಫ್ಲಾಸ್ಕನ್ನು ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ, ಮುಚ್ಚಳ ಬಿಚ್ಚಿ, ತೆಂಗಿನ ನಾರಿನಿಂದ ಉಜ್ಜಿ ತೊಳೆಯತೊಡಗಿದೆ.