ಮಲ್ಲಿಗೆ ಬುಟ್ಟಿಯಲ್ಲಿ ಗುಂಡಿಯ ಬಟ್ಟೆ

ಮಲ್ಲಿಗೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಹಡಗಲಿಯಿಂದ ನಲವತ್ತು ವರ್ಷ ಮೊಗ್ಗು ಬಿಡಿಸಿ ಬಸ್ಸಿಗೆ ಹಾಕಿದವಳು ನಾನು. ನನ್ನ ತೋಟಕ್ಕೆ ಒಂದೇ ಕಾನೂನು: ಮುಟ್ಟಾದವರು ಬೇಲಿ ದಾಟಬಾರದು. ದಾಟಿದರೆ ಮೊಗ್ಗು ಬಾಡುತ್ತದೆ. ಬಾಡಿದ್ದನ್ನು ನಾನು ಕಂಡಿಲ್ಲ. ಕಾಣಲು ಯಾರನ್ನಾದರೂ ಒಳಗೆ ಬಿಟ್ಟಿದ್ದರೆ ತಾನೇ!

ಆ ದಿನ ಸೊಸೆ ಸುಮಂಗಲಾ ಮುಟ್ಟಾಗಿದ್ದಳು. ತೋಟದಲ್ಲಿ ನಾನೊಬ್ಬಳೇ. ಕೊಟ್ಟೂರಿನ ಹೂವಿನ ವ್ಯಾಪಾರಿ ರಾಜಾಸಾಬರು ಮದುವೆ ಹೆಣ್ಣಿನ ಜಡೆಗೆಂದು ಒಂದು ಬುಟ್ಟಿ ಮೊಗ್ಗು ಹೇಳಿದ್ದರು. ದಾರಿಯಲ್ಲಿ ಅರಳಿದರೆ ಜಡೆಗೆ ಬರುವುದಿಲ್ಲ. ಇನ್ನು ನಿಮ್ಮ ಹೂವೇ ಬೇಡ ಎಂದುಬಿಡುತ್ತಾರೆ.

ಅರಳದಂತೆ ಒದ್ದೆ ಬಟ್ಟೆ ಸುತ್ತಬೇಕು. ಆ ಬಟ್ಟೆ ಎಲ್ಲಿಟ್ಟಿರುತ್ತಾಳೋ ಸೊಸೆಗೇ ಗೊತ್ತು. ಕೇಳಲು ನನಗೆ ಬಿಗುಮಾನ. ಬಸ್ಸಿನ ಹೊತ್ತಾಗಿತ್ತು. ನೋಡಿದರೆ ಅಂಗಳದ ತಂತಿಯ ಮೇಲೆ, ಎಳೆ ಬಿಸಿಲಲ್ಲಿ, ಎಂಟು ದಪ್ಪ ಅರಿವೆ! ಒಂದೊಂದಕ್ಕೂ ಎರಡು ಕಿವಿ, ಕಿವಿಗೊಂದು ಗುಂಡಿ. ಹೂವಿಗೆಂದೇ ಹೊಲಿದಿದ್ದಾಳೆ, ಹುಡುಗಿಗೆ ಬುದ್ಧಿ ಬಂತು ಎಂದುಕೊಂಡೆ. ನೀರಿಗೆ ಹಾಕಿದೆ. ಎಮ್ಮೆಯ ಹಾಗೆ ಕುಡಿದವು. ಬುಟ್ಟಿಯ ತಳಕ್ಕೆ ನಾಲ್ಕು, ಮೇಲೆ ನಾಲ್ಕು, ಒಂದಕ್ಕೊಂದು ಗುಂಡಿ ಹಾಕಿದೆ. ಬುಟ್ಟಿ ಹತ್ತಿಸಿದೆ, ಬಸ್ಸು ಹೋಯಿತು.

ಸುಮಂಗಲಾ ಹೊರಗೆ ಬಂದಳು.

"ಅತ್ತಿ, ತಂತಿ ಮ್ಯಾಲಿನ ಬಟ್ಟಿ ಎಲ್ಲಿ ಅದಾವ್ರಿ?"

"ಯಾವ ಬಟ್ಟಿ?"

"ನನ್ನ ಮುಟ್ಟಿನ ಬಟ್ಟೀರಿ. ನಾಳಿ ಸಾಲ್ಯಾಗ ಹುಡುಗ್ಯಾರಿಗೆ ತೋರಿಸ್ಬೇಕು."

ಅವಳು ಆಶಾ ಕಾರ್ಯಕರ್ತೆ. ನಮ್ಮ ಕಾಲದಲ್ಲಿ ಅಂಥ ಬಟ್ಟೆ ಬಚ್ಚಲ ಮೂಲೆಯಲ್ಲಿ, ಸೀರೆಯ ಅಡಿಯಲ್ಲಿ ಒಣಗುತ್ತಿತ್ತು. ಬಿಸಿಲಲ್ಲಿ ಇದೆಯೆಂದರೆ ಅದು ಆ ಬಟ್ಟೆ ಅಲ್ಲ, ಇದು ನನ್ನ ಲೆಕ್ಕ!

"ಅಂಥಾ ಬಟ್ಟಿ ಬಿಸಿಲಿಗೆ ಯಾರರ ಹಾಕ್ತಾರೇನ?"

"ಬಿಸಿಲಿಗೇ ಹಾಕ್ಬೇಕ್ರಿ. ಕತ್ತಲ್ಯಾಗ ಹಸಿ ಉಳಿದ್ರ ತುರಿಕಿ ಹತ್ತತೈತಿ."

ತುರಿಕೆ ನನಗೆ ಗೊತ್ತಿಲ್ಲವೇ? ಮೂವತ್ತು ವರ್ಷ ಸಾಕಿದ್ದೇನೆ.

"ಕಾಗಿ ಒಯ್ದಿರಬೇಕು," ಎಂದೆ.

"ಎಂಟೂ?"

ಒಪ್ಪಿಕೊಂಡೆ. ರಾಜಾಸಾಬರಿಗೆ ಫೋನು ಮಾಡಬಹುದಿತ್ತು. ಏನೆಂದು ಹೇಳುವುದು? ಇಬ್ಬರೂ ಅದರ ಹಿಂದೆ ಬಂದ ಬಸ್ಸು ಹತ್ತಿದೆವು. ಅದೋ, ಕೈ ಅಡ್ಡ ಮಾಡಿದವರಿಗೆಲ್ಲ ನಿಲ್ಲುವ ಬಸ್ಸು. ಪ್ರತಿ ನಿಲ್ದಾಣದಲ್ಲೂ ನನ್ನ ಜೀವ ಇಳಿದು ಹತ್ತುತ್ತಿತ್ತು.

"ಹೊಸವೇನ ಅವು?" ಎಂದು ಪಿಸುಗುಟ್ಟಿದೆ.

"ಇಲ್ರಿ, ಹ್ವಾದ ತಿಂಗಳ ಬಳಸಿದ್ವು."

"ಅಯ್ಯೋ ನನ್ನ ಹಣೇಬರವೇ!"

"ಸೋಪು ಹಚ್ಚಿ ಒಗದೀನ್ರಿ. ನಿಮ್ಮ ಹೂವಿನ ಬಟ್ಟಿಗೆ ಸೋಪು ಬಿದ್ದದ್ದು ಯಾವಾಗ್ರಿ?"

ನಾನು ಕಿಟಕಿಯಾಚೆ ನೋಡಿದೆ. ನೋಡುವಂಥದ್ದೇನೂ ಇರಲಿಲ್ಲ.

ಅಂಗಡಿಗೆ ಹೋಗುವಷ್ಟರಲ್ಲಿ ಬುಟ್ಟಿ ಬಿಚ್ಚಿ ಆಗಿತ್ತು. ಗಿರಾಕಿಗಳ ನಡುವೆ ರಾಜಾಸಾಬರು ಒಂದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಅಮ್ಮಾರ, ಇದೇನ್ರಿ ಇದು?"

ಸೊಸೆಯ ಕಡೆ ನೋಡಿದೆ. ಅವಳು ಅಂಗಡಿಯ ಬೋರ್ಡು ಓದುತ್ತಿದ್ದಳು.

"ಹೂವಿನ ಬಟ್ಟಿ," ಎಂದೆ.

"ಭಾರಿ ಐತ್ರಿ! ಒಂದ್ ಮೊಗ್ಗರ ಬಾಡಿಲ್ಲ, ಅರಳಿಲ್ಲ. ಗುಂಡಿ ಬ್ಯಾರೆ! ಇನ್ಮ್ಯಾಲ ಇಂಥಾದ್ರಾಗ ಕಳಿಸಿದ್ರಷ್ಟ ನಿಮ್ಮ ಹೂವು ತಗೋತೀನಿ ನೋಡ್ರಿ."

ಎಂಟನ್ನೂ ಎಣಿಸಿ ವಾಪಸು ತಂದೆವು. ಬಸ್ಸಿನಲ್ಲಿ ಮೆಲ್ಲಗೆ ಹೇಳಿದೆ, "ಹೂವಿಗೆ ಬ್ಯಾರೆ ಎಂಟು ಹೊಲದು ಕೊಡು."

"ಹೂವಿನ ಬಟ್ಟಿ ಈಗ ನಾ ಹೆಂಗ ಮುಟ್ಲಿ ಅತ್ತಿ? ಮೊಗ್ಗು ಬಾಡಂಗಿಲ್ಲೇನ್ರಿ?"

ಹಡಗಲಿ ಬರುವವರೆಗೂ ಎಂಟನ್ನೂ ಮತ್ತೆ ಮತ್ತೆ ಎಣಿಸಿದೆ. ಮರುದಿನ ಬೆಳಿಗ್ಗೆ ಅವಳು ಬುಟ್ಟಿ ಹಿಡಿದು ಬೇಲಿ ದಾಟಿ ಬಂದಳು. ನಾನು ಅತ್ತ ತಿರುಗಿ ಕೆಮ್ಮಿದೆ. ಗಿಡಗಳು ಕೆಮ್ಮಲೂ ಇಲ್ಲ.

ಅವಳಿಗೆ ಶಾಲೆಯ ಕೆಲಸ. ಹಾಗಾಗಿ ಹೊಲಿಗೆ ನನ್ನ ಪಾಲಿಗೆ ಬಂತು. ಕನ್ನಡಕ ಏರಿಸಿ ಕಟ್ಟೆಯ ಮೇಲೆ ಕೂತು, ಕಿವಿ ಇಟ್ಟು ಗುಂಡಿ ಹಚ್ಚುತ್ತೇನೆ. ಸೊಸೆಯ ಪಾಠ ಕೇಳಿದ ಹುಡುಗಿಯರು ಶಾಲೆ ಬಿಟ್ಟು ಬರುವಾಗ ನಿಂತು ನೋಡುತ್ತಾರೆ. ನಿನ್ನೆ ಒಬ್ಬಳು ಕೇಳಿಯೇಬಿಟ್ಟಳು:

"ಅಜ್ಜೀ, ಈ ವಯಸ್ಸಿನ್ಯಾಗ ನಿಮಗ್ಯಾಕ್ರಿ ಇವು?"

ಸೂಜಿ ಬೆರಳಿಗೇ ಹೋಯಿತು!