ಯಾವ ಹಾವು ಯಾವ ಓಣಿದು?

ಮೊನ್ನೆ ತನಕ ಹಾವು ನೋಡಿ ನನ್ನ ಎದಿ ಒಮ್ಮೆನೂ ಝಲ್ ಅಂದಿದ್ದಿಲ್ರಿ. ಮಂದಿ ಮಾತು ಕೇಳಿ ವಾರಕ್ಕ ಎರಡ ಸಲ ಅಂತೈತಿ. ಹೈದರಾಬಾದಿನ್ಯಾಗ ಹಾವು, ಹಲ್ಲಿ, ಉಡ ಯಾವ ಜಾತಿ ಎಲ್ಲೆಲ್ಲಿ ಅದಾವು ಅಂತ ಹಿಡಿದು ಬರಕೊಳ್ಳೋದು ನನ್ನ ಕೆಲಸ. ಮೆಹದಿಪಟ್ಟಣಂದಾಗ ಮನಿ ಕೊಟ್ಟ ಬೀದರ ಕಡೆ ಮಾಲಕ್ರು ಒಂದ ಶರತ್ತು ಹಾಕಿದ್ರು: "ಈ ಕಟ್ಟಡದಾಗ ಹಾವು ಕಂಡ ದಿನ ನೀವು ಮನಿ ಖಾಲಿ ಮಾಡಬೇಕ್ರಿ." ಏಳು ತಿಂಗಳ ಬಸುರಿ ಹೆಂಡ್ತಿ ಕರಕೊಂಡು ಮತ್ತೆಲ್ಲಿ ಹೋಗಲಿ? ಹೂಂ ಅಂದೆ.

೧. ಶಂಶಾಬಾದ್

ಕಟ್ಟಡ ಕೆಲಸಕ್ಕ ಬಂದ ಯಾದಗಿರಿ ಮಂದಿ ಮಣ್ಣುಮುಕ್ಕ ಹಾವು ಹಿಡದಿದ್ರು. ಅದರ ಮೊಂಡ ಬಾಲ ತಲಿ ಹಂಗ ಕಾಣತೈತಿ, ಅದಕ್ಕ ಎರಡತಲಿ ಹಾವು ಅಂತಾರ. ಎರಡೂ ತುದಿಗೆ ಒಬ್ಬೊಬ್ರು ಹಿಡಕೊಂಡು ಬೆವರಾಕತ್ತಿದ್ರು.

"ಬಿಡೋ ಮಾರಾಯಾ, ನೀ ಹಿಡದಿದ್ದು ಬಾಲ!" ಅಂದೆ.

ಅವ ನಂಬಲಿಲ್ಲ. "ಆರ್ ತಿಂಗಳು ಆ ತಲಿ, ಆರ್ ತಿಂಗಳು ಈ ತಲಿ ದುಡಿತೈತ್ರಿ. ಈಗ ಯಾವದರ ಪಾಳಿ ಐತಿ ಅಷ್ಟ ಹೇಳ್ರಿ, ಇನ್ನೊಬ್ಬ ಚಾ ಕುಡದು ಬರ್ತಾನ."

೨. ಕೊಂಡಾಪುರ

ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನ್ಯಾಗ ಕೇರೆಹಾವು ಹಿಡದು ಫಾರ್ಮ್ ತೆಗದೆ. ಮೈಸೂರು ಕಡೆ ಸೆಕ್ರೆಟರಿ ಅಮ್ಮಾವ್ರು ಕೈ ಅಡ್ಡ ಹಿಡದ್ರು.

"ಅಯ್ಯೋ, ನಮ್ಮ ಹೆಸ್ರು ಹಾಕ್ಬೇಡಿ! ಆಮೇಲೆ ಇಲ್ಲಿ ಫ್ಲ್ಯಾಟ್ ಯಾರು ತಗೋತಾರೆ?"

"ಸಿಕ್ಕ ಜಾಗಾನ ಬರೀಬೇಕ್ರಿ ಅಮ್ಮಾ."

"ಹಾಗಾದ್ರೆ ವಿಸಿಟರ್ ಅಂತ ಬರ್ಕೊಳ್ಳಿ."

ಹೇಳಿದ್ದಷ್ಟ ಅಲ್ಲ, ವಾಚ್‌ಮನ್‌ನ ಕರದು ವಿಸಿಟರ್ ಪುಸ್ತಕದಾಗ ಎಂಟ್ರಿ ಹಾಕಿಸೇ ಬಿಟ್ರು. ಬಂದ ವೇಳೆ, ಹೋದ ವೇಳೆ, ಎಲ್ಲಾ! 'ಯಾರನ್ನು ಕಾಣಲು' ಅನ್ನೋ ಖಾನೇದಾಗ ವಾಚ್‌ಮನ್ ತಾನ ವಿಚಾರ ಮಾಡಿ 'ಇಲಿ' ಅಂತ ಬರದ.

೩. ನಮ್ಮ ಮನಿ

ಮೊನ್ನೆ ಮುಂಜಾನೆ ಕೆಳಗ ಮಾಲಕ್ರು "ಯಪ್ಪಾ!" ಅಂತ ಒದರಿದ್ರು. ಓಡಿ ಹೋದ್ರ ಅವ್ರು ಲುಂಗಿ ಎತ್ತಿಕೊಂಡು ಊಟದ ಮೇಜಿನ ಮ್ಯಾಲ ನಿಂತಾರ. ಗ್ವಾಡಿ ಬುಡಕ್ಕ ತೋಳಹಾವು. ವಿಷ ಇಲ್ಲ, ಹಲ್ಲಿ ತಿನ್ನಾಕ ಬಂದಿತ್ತು. ನನ್ನ ಎದಿ ಮೊದಲ ಸಲ ಹಾವಿಗೇ ಝಲ್ ಅಂತು.

ಹಿಡದು ಚೀಲಕ್ಕ ಹಾಕಿದೆ. ಮ್ಯಾಲ ನನ್ನ ಹೆಂಡ್ತಿ ಅಳಕೋತ ಭಾಂಡೆ ಕಟ್ಟಾಕತ್ತಿದ್ಲು. ನಾನೂ ಹಗ್ಗ ತಗೊಂಡೆ. ಅಷ್ಟರಾಗ ಮಾಲಕ್ರು ಏದುಸಿರು ಬಿಡಕೋತ ಬಾಗಲಾಗ ಬಂದ್ರು.

"ಅದು ಗಂಡೋ, ಹೆಣ್ಣೋ?"

"ಗಂಡ್ರಿ."

ಮಾಲಕ್ರ ಮುಖ ಬೆಳ್ಳಗಾತು. "ಮತ್ತ ಅದರ ಹೆಂಡ್ತಿ ಸೇಡು ತೀರಿಸಾಕ ಬರ್ತಾಳ! ಇಂಥಾ ಹೊತ್ತನ್ಯಾಗ ಮನಿ ಬಿಟ್ಟು ಎಲ್ಲಿಗೆ ಹೊಂಟೀರಿ?"

ಹಾವಿಗೆ ಹೆಂಡ್ತಿನೂ ಇಲ್ಲ, ಸೇಡೂ ಇಲ್ಲ ಅಂತ ಊರಿಗೆಲ್ಲಾ ತಿಳಿಸಿ ಹೇಳವ ನಾ. ಹಗ್ಗ ಕೆಳಗಿಟ್ಟು, "ಬರ್ತಾಳ್ರಿ, ಗ್ಯಾರಂಟಿ ಬರ್ತಾಳ," ಅಂದೆ.